ಕದ್ದ ಕೊಂಬೆಯ ಬಣ್ಣ

"ಇದು ಗುಲಾಬಿ ಬಣ್ಣ, ನೀಲಿ ಅಲ್ವೇ ಅಲ್ಲ," ಎಂದು ಬೇಲಿಯ ಮೇಲೆ ಬಗ್ಗಿ ತೀರ್ಪು ಕೊಟ್ಟರು ಹೊಸಾಕಾ. ಕಾಮಾಕುರಾದ ಆ ಕೇರಿಗೆ ಅವರೇ ಹಿರಿಯರು. ಮಿನೆಕೊಳ ಹಿತ್ತಲಲ್ಲಿ ಮೊದಲ ಸಲ ಅರಳಿದ ಅಜಿಸಾಯಿ, ಅಂದರೆ ಹೈಡ್ರೇಂಜಿಯಾ ಹೂಗೊಂಚಲು ಮಳೆಗೆ ತೊಯ್ದು ತಲೆ ತೂಗುತ್ತಿತ್ತು. "ನಿಮ್ಮನೆ ಗಿಡದ್ದು ಅಪ್ಪಟ ನೀಲಿ, ತ್ಸುರುನೊ ಸಾನ್. ಇದು ನಿಮ್ಮ ಕೊಂಬೆ ಹೇಗಾಗುತ್ತೆ? ಸುಮ್ ಸುಮ್ನೆ ಕಳ್ಳತನ ಅನ್ಬಾರ್ದು."

ಬದುಕಿದೆಯಾ ಬಡಜೀವವೇ ಎಂದುಕೊಂಡಳು ಮಿನೆಕೊ, ಕೊಡೆಯ ಮರೆಯಲ್ಲಿ. ಪಕ್ಕದ ಮನೆಯ ಮುದುಕಿ ತ್ಸುರುನೊ ಮಾತ್ರ ಆ ಗೊಂಚಲನ್ನು ಸತ್ತ ಇಲಿಯ ಬಾಲ ಹಿಡಿದಂತೆ ಎರಡೇ ಬೆರಳಲ್ಲಿ ಎತ್ತಿ ನೋಡಿದಳು. "ಹೌದೌದು, ನಂದೇ ತಪ್ಪು. ನಮ್ಮತ್ತೆ ಕಾಲದ ಗಿಡ ಇಂಥಾ ಹೂ ಬಿಡೋದುಂಟಾ? ಒಗೆದೂ ಒಗೆದೂ ಬಣ್ಣ ಹೋದ ಒಳಲಂಗದ ಥರ ಇದೆ. ಪಾಪ, ಮಿನೆಕೊ ಸಾನ್ ಕೈಗುಣವೇ ಅಷ್ಟು, ಬಿಡಿ."

ಕೈಗುಣ ಎಂದದ್ದೇ ತಡ, ಮಿನೆಕೊಳ ಕೊಡೆ ಕೆಳಗೆ ಬಿತ್ತು. "ಕೈಗುಣಕ್ಕೇನ್ರೀ ಬಂದಿದೆ? ನಿಮ್ಮ ಹಿತ್ತಲಿನದು ಹುಳಿ ಮಣ್ಣು, ಅದಕ್ಕೇ ನೀಲಿ! ನಾನು ಪಾಲಕ್ ಸೊಪ್ಪಿಗೆ ಅಂತ ಸುಣ್ಣ ಬೆರೆಸಿದ ಮಡಿಯಲ್ಲಿ ನೆಟ್ಟೆ, ಅದಕ್ಕೇ ಗುಲಾಬಿ! ಅದೇ ಗಿಡದ ಅದೇ ಕೊಂಬೆ, ಯಾರು ನೆಟ್ಟಿದ್ರೂ ಇಷ್ಟೇ ಆಗ್ತಿತ್ತು!"

ತ್ಸುರುನೊ ಬಿದ್ದ ಕೊಡೆಯನ್ನೆತ್ತಿ, ನೀರು ಕೊಡವಿ, ಅಕ್ಕರೆಯಿಂದ ಮಿನೆಕೊಳ ತಲೆಯ ಮೇಲೆ ಹಿಡಿದಳು.

"ಕೇಳಿಸ್ಕೊಂಡ್ರಾ, ಹೊಸಾಕಾ ಸಾನ್? ಮಣ್ಣಿನ ಕಥೆ ನಂಗೂ ಗೊತ್ತಿತ್ತು. ಕೊಂಬೆ ಕಥೆ ಅವರ ಬಾಯಿಂದ್ಲೇ ಬರ್ಲಿ ಅಂತ ಕಾದೆ."