ಆರರಲ್ಲೊಂದು ಮುಖ

ಪರದೆಯ ಮೇಲೆ ಮೂಡಿದ ಮುಖ ಕಂಡದ್ದೇ ಅವಳ ಕೈ ಮೌಸಿನ ಮೇಲೆ ನಿಂತುಬಿಟ್ಟಿತು. ಸ್ಟುಡಿಯೋದ ಕಪ್ಪು ಕೋಟು ತೊಟ್ಟು ನಗಲು ಹೆಣಗುತ್ತಿದ್ದವರು ಅವಳ ಭಾವ, ಅಕ್ಕನ ಗಂಡ. ಸೋಮವಾರ, ಬೆಳಿಗ್ಗೆ ಹನ್ನೊಂದೂವರೆ. ಭಾವ ಆಫೀಸಿನಲ್ಲಿರಬೇಕಾದ ಹೊತ್ತು.

ಪ್ಲೈವುಡ್ ಗೋಡೆಯಾಚೆ ಫೋಟೋಗ್ರಾಫರ್ ಕ್ಲಿಕ್ಕಿಸಿದಂತೆಲ್ಲ ಈಚೆ ಅವಳ ಕಂಪ್ಯೂಟರಿಗೆ ಒಂದೊಂದೇ ಫೋಟೋ ಬಂದು ಬೀಳುತ್ತಿತ್ತು. ಒಳ್ಳೆಯದನ್ನು ಆರಿಸಿ ತಿದ್ದಿ ಕೊಡುವುದು ಅವಳ ಕೆಲಸ. ಅವಳ ಖಾಯಂ ಅಂಗಡಿ ಇದೇ ಮಾಲೀಕರದು, ಊರಿನ ಇನ್ನೊಂದು ತುದಿಯಲ್ಲಿ. ಇಲ್ಲಿನ ಹುಡುಗಿ ರಜೆ ಹಾಕಿದ್ದಕ್ಕೆ ಇವತ್ತೊಂದು ದಿನ ಇಲ್ಲಿಗೆ ಕಳಿಸಿದ್ದರು. ಭಾವನಿಗೆ ಅದು ಗೊತ್ತಿರಲಿಲ್ಲ.

“ನಗಿ ಸಾರ್. ಅಯ್ಯೋ, ಅಷ್ಟಲ್ಲ, ಹಲ್ಲು ಕೀಳಿಸ್ಕೊಳ್ಳೋಕೆ ಬಂದಂಗಿದೆ.”

“ಇಷ್ಟು ಸಾಕಾ?”

“ಈಗ ಹಲ್ಲು ಕಿತ್ತಾದ ಮೇಲಿನ ಥರ ಇದೆ. ಯಾತಕ್ಕೆ ಅಂದ್ರಿ ಫೋಟೋ?”

ಭಾವನ ದನಿ ತಗ್ಗಿತು. “ಆನ್‌ಲೈನ್ ಪ್ರೊಫೈಲಿಗೆ. ಕಂಪನಿಗಳವರು ನೋಡ್ತಾರಲ್ಲ, ಅದಕ್ಕೆ. ಹಳೇ ಫೋಟೋದಲ್ಲಿ ಕುತ್ತಿಗೇಲಿ ಆಫೀಸಿನ ಟ್ಯಾಗ್ ಇದೆ. ಆ ಕೆಲಸದಿಂದ ನನ್ನ ತೆಗೆದುಹಾಕಿ ಆರು ವಾರ ಆಯ್ತು.”

“ಮನೇಲಿ ಗೊತ್ತಾ ಸಾರ್?”

ಕ್ಯಾಮೆರಾ ಕ್ಲಿಕ್ ಎಂದಿತು. ಮೂರನೇ ಫೋಟೋ ಬಂತು. ಅದರಲ್ಲಿ ಭಾವ ನಗುತ್ತಿರಲಿಲ್ಲ.

“ಕೆಲಸ ಸಿಕ್ಕಿದ ಮೇಲೆ ಹೇಳೋಣ ಅಂತ. ಇನ್ನೊಂದೆರಡು ತೆಗೀರಿ, ನಗ್ತೀನಿ.”

ಆರು ವಾರ! ಇವತ್ತು ಬೆಳಿಗ್ಗೆಯೂ ಎಂಟು ಗಂಟೆಗೆ ಬ್ಯಾಗು ಹೆಗಲಿಗೇರಿಸಿ ಹೊರಟಿದ್ದರು. ಊಟದ ಡಬ್ಬಿ ಕೈಗಿತ್ತವಳು ಅವಳೇ. ನಿನ್ನೆ ಸಂಜೆ ಅಕ್ಕ ಲ್ಯಾಬಿನ ಕೆಲಸ ಬಿಡುವ ಪತ್ರ ಬರೆದು ತೋರಿಸಿದಾಗ ಎರಡು ಸಲ ಓದಿ, ತಾರೀಕು ಮಾತ್ರ ತಿದ್ದಿ ಕೊಟ್ಟಿದ್ದರು. ಅಕ್ಕನಿಗೆ ಈಗ ಏಳು ತಿಂಗಳು. ದಿನವಿಡೀ ನಿಂತು ರಕ್ತ ತೆಗೆದೂ ತೆಗೆದೂ ಕಾಲುಗಳು ಬಾತುಕೊಂಡಿದ್ದವು. “ಬಿಟ್ಟುಬಿಡ್ತೀನಿ ಕಣ್ರೀ, ಹೇಗೂ ನೀವಿದ್ದೀರಲ್ಲ” ಅಂದಿದ್ದಳು. ಭಾವ ಹೂಂ ಅಂದಿದ್ದರು. ಆ ಪತ್ರ ಇವತ್ತು ಹನ್ನೆರಡಕ್ಕೆ ಮ್ಯಾನೇಜರ್ ಕೈ ಸೇರಬೇಕು. ಅಕ್ಕನ ಜಾಗಕ್ಕೆ ಆಗಲೇ ಇನ್ನೊಬ್ಬಳು ತುದಿಗಾಲಲ್ಲಿ ನಿಂತಿದ್ದಾಳೆ. ಕೊಟ್ಟರೆ ಮುಗಿಯಿತು.

ಅವಳು ಮೊಬೈಲ್ ಎತ್ತಿಕೊಂಡಳು. ಮಾತಾಡಿದರೆ ಗೋಡೆಯಾಚೆ ಕೇಳುತ್ತದೆ. ‘ಅಕ್ಕ, ಪತ್ರ ಕೊಡಬೇಡ’ ಎಂದು ಒತ್ತಿದಳು. ಯಾಕೆ ಎಂದು ಕೇಳಿಯೇ ಕೇಳುತ್ತಾಳೆ. ಅಳಿಸಿದಳು. ‘ಭಾವನಿಗೆ ಕೆಲಸ’ ಎಂದು ಶುರುಮಾಡಿದಳು. ಮುಂದಿನ ಪದಕ್ಕೆ ಬೆರಳು ಏಳಲಿಲ್ಲ. ತನ್ನನ್ನು ಓದು ಬಿಡಿಸಿದ ದಿನ ಮನೆಯಲ್ಲಿ ತನ್ನ ಪರವಾಗಿ ಮಾತಾಡಿದ ಒಬ್ಬರೇ ಒಬ್ಬರು ಭಾವ. ಬಾಯಿ ಬಿಟ್ಟರೆ ಅವರ ಮಾನ, ಬಿಡದಿದ್ದರೆ ಅಕ್ಕನ ಕೆಲಸ. ಅದನ್ನೂ ಅಳಿಸಿದಳು. ಹನ್ನೊಂದೂ ಮುಕ್ಕಾಲು.

“ಏನು ಗುಮ್ಮನಗುಸ್ಕಿ, ಆರೂ ಬಂತಾ? ಬೇಗ ಆರಿಸು, ಸಾರ್ ಕಾಯ್ತಿದ್ದಾರೆ.” ಫೋಟೋಗ್ರಾಫರ್ ಆಚೆಯಿಂದ ಕೂಗಿ, ಭಾವನಿಗೆ ಹೇಳಿದ: “ಫೋಟೋ ಆರಿಸೋದ್ರಲ್ಲಿ ಎತ್ತಿದ ಕೈ ಅಂತೆ ಸಾರ್. ಬಾಯಿ ಮಾತ್ರ ಬಾಡಿಗೆಗೂ ಸಿಗಲ್ಲ.”

ಆರೂ ಮುಖಗಳನ್ನು ಅವಳು ಸಾಲಾಗಿ ಹರಡಿಕೊಂಡಳು. ಕಲಿತ ಪ್ರಕಾರ ಐದನೆಯದೇ ಸರಿ. ಬೆಳಕು ಸಮನಾಗಿತ್ತು, ಕೋಟಿನ ಕಾಲರ್ ನೆಟ್ಟಗಿತ್ತು, ಅಳತೆಯ ನಗುವಿತ್ತು. ಆದರೂ ಆರಿಸಲಾಗಲಿಲ್ಲ. ಎಷ್ಟೋ ಅಪರಿಚಿತರ ಮುಖಗಳನ್ನು ಚಿಟಿಕೆ ಹೊಡೆಯುವುದರೊಳಗೆ ಆರಿಸಿದ್ದವಳಿಗೆ, ಈ ಮುಖ ಆರಿಸುವ ಹಕ್ಕು ತನ್ನದಲ್ಲ ಅನ್ನಿಸಿತು.

ತಟ್ಟನೆ ಆರನ್ನೂ ಅಕ್ಕನಿಗೆ ಕಳಿಸಿದಳು. ಕೆಳಗೆ ಒಂದೇ ಸಾಲು: ‘ಅಕ್ಕ, ಕೆಲಸ ಹುಡುಕೋ ಪ್ರೊಫೈಲಿಗೆ ಇದ್ರಲ್ಲಿ ಯಾವ್ದು ಹಾಕೋಣ?’

ಐದು ನಿಮಿಷ ಅದು ಹಾಗೇ ಬಿದ್ದಿತ್ತು. ಹನ್ನೆರಡಕ್ಕೆ ಆರು ನಿಮಿಷವಿರುವಾಗ ಅಕ್ಕ ನೋಡಿದ ಗುರುತು ಬಿತ್ತು. ‘ಯಾವಾಗಿನದು ಇದು?’

‘ಈಗಿನದು. ನಮ್ಮ ಸ್ಟುಡಿಯೋದಲ್ಲೇ. ಗೋಡೆಯಾಚೆ ಕೂತಿದ್ದಾರೆ.’

ಅಕ್ಕ ಏನೋ ಬರೆಯತೊಡಗಿದಳು. ನಿಲ್ಲಿಸಿದಳು. ಮತ್ತೆ ಬರೆದಳು. ಮತ್ತೆ ನಿಲ್ಲಿಸಿದಳು. ಆಮೇಲೆ ಏನೂ ಇಲ್ಲ. ಹನ್ನೆರಡಾಯಿತು. ಹನ್ನೆರಡು ದಾಟಿ ಐದು ನಿಮಿಷವಾಯಿತು. ಮನೆ ಒಡೆಯುವ ಕೆಲಸ ಮಾಡಿದೆನೇ?

ಫೋಟೋಗ್ರಾಫರ್ ಪ್ಲೈವುಡ್ ಬಡಿದ. “ನಿದ್ದೆ ಬಂತೇನಮ್ಮ?”

“ಅವ್ರನ್ನ ಬೈಬೇಡಿ ಪಾಪ” ಎಂದ ಭಾವನ ದನಿ ಸೋತಿತ್ತು. “ಒಂದೂ ಚೆನ್ನಾಗಿ ಬಂದಿಲ್ಲ ಅನ್ಸುತ್ತೆ. ಇರೋ ಮುಖಾನೇ ತಾನೇ ಬರೋದು. ಬಿಡಿ, ನಾನು ಹೊರಡ್ತೀನಿ.”

ಕುರ್ಚಿ ಹಿಂದಕ್ಕೆ ಸರಿದ ಸದ್ದಾಯಿತು. ಅದೇ ಗಳಿಗೆಗೆ ಮೊಬೈಲು ಬೆಳಗಿತು.

‘ಪತ್ರ ಕೊಡಲಿಲ್ಲ. ರಜೆ ಮಾತ್ರ ಕೇಳಿದೆ. ಐದನೇದು ಬೇಡ, ಯಾರ ಹತ್ರಾನೋ ಬೇಡ್ಕೊಳ್ಳೋ ಹಂಗೆ ನಗ್ತಿದ್ದಾರೆ. ಮೂರನೇದು ಹಾಕು, ಅದ್ರಲ್ಲಿ ಅವರೇ ಇದ್ದಾರೆ.’

ಅವಳು ಎದ್ದು ನಿಂತಳು. ಪ್ಲೈವುಡ್ಡಿಗೆ ಬಾಯಿ ಹತ್ತಿರ ತಂದು, ತನ್ನ ದನಿ ತನಗೇ ಹೊಸದೆನ್ನಿಸುವಷ್ಟು ಗಟ್ಟಿಯಾಗಿ ಅಂದಳು:

“ಮೂರನೇದು ಚೆನ್ನಾಗಿದೆ ಭಾವ. ಅಕ್ಕ ಆರಿಸಿದ್ದು.”