ಬೇಲಿ ದಾಟಿದ ಹೇನು

ಚಂದ್ರಕಲಾಳ ಎಲೆಕೋಸಿಗೆ ರಸ ಹೀರುವ ಗಿಡಹೇನು ಮುತ್ತಿತ್ತು. ವಿಷ ಹೊಡೆಯಲು ಅವಳು ಒಪ್ಪಿರಲಿಲ್ಲ; ಭಾನುವಾರದೊಳಗೆ ಹೇನು ಹೋಗದಿದ್ದರೆ ತಾವೇ ಹೊಡೆಯುವುದಾಗಿ ಅಪ್ಪ ಹೇಳಿಯಾಗಿತ್ತು.

ಅಷ್ಟರಲ್ಲಿ ಪಕ್ಕದ ತೋಟದ ಮುನಿರತ್ನಮ್ಮ ತಮ್ಮ ಕೋಸಿನ ಎಲೆಗಳನ್ನು ಕಿತ್ತು ಬೇಲಿಯ ಮೇಲಿಂದ ಇವಳ ಮಡಿಗೆ ಎಸೆದರು. ಎಲೆಯ ತುಂಬ ಕಂದುಬಣ್ಣಕ್ಕೆ ತಿರುಗಿ ಊದಿಕೊಂಡ ಹೇನುಗಳು.

"ತಗೊಳಮ್ಮಿ, ಹೇನು ಸಾಕ್ತಾ ಇದೀಯಲ್ಲ, ನಮ್ಮವನ್ನೂ ಸಾಕ್ಕೊ."

"ಅಯ್ಯೋ ಬೇಡ ಅಕ್ಕ, ಊದಿರೋವಂತೂ ಬೇಡವೇ ಬೇಡ," ಚಂದ್ರಕಲಾಳ ದನಿ ನಡುಗಿತು.

"ಹಂಗಾದ್ರೆ ಅವನ್ನೇ ಆರಿಸಿ ತರ್ತೀನಿ, ಇರು," ಎಂದು ಮುನಿರತ್ನಮ್ಮ ಬುಟ್ಟಿ ತರಲು ಓಡಿದರು.

ಚಂದ್ರಕಲಾ ದುಪಟ್ಟಾದಲ್ಲಿ ನಗು ಮುಚ್ಚಿಕೊಂಡು ನೋಡಿದಳು: ಊದಿದ ಹೇನೊಂದರ ಬೆನ್ನು ಕೊರೆದು, ಅದನ್ನು ಒಳಗಿಂದಲೇ ತಿಂದು ಬೆಳೆದ ಪುಟ್ಟ ಕಣಜದ ಹುಳು ಹೊರಬಂದು, ಮೊಟ್ಟೆಯಿಡಲು ಇವಳ ಕೋಸಿನ ಹೇನುಗಳತ್ತ ಹಾರಿತು.