ಕಲರ್ ಕೃಷ್ಣ

ಸರ್ಕಾರಿ ಟೀವಿ ಕೇಂದ್ರಕ್ಕೆ ಕಲರ್ ಕ್ಯಾಮೆರಾ ಬಂದಾಗಿನಿಂದ ಕೊಟ್ರಪ್ಪನಿಗೆ ಕರೆ ನಿಂತುಹೋಗಿತ್ತು. ಕಪ್ಪು-ಬಿಳುಪಿನ ಕಾಲದಲ್ಲಿ ಟೀವಿ ನಾಟಕದ ಕೃಷ್ಣನೆಂದರೆ ಅವನೇ. ಕೊನೆಗೆ ನಾಚಿಕೆ ಬಿಟ್ಟು ತಾನೇ ಹೋಗಿ ನಿರ್ದೇಶಕರ ಮುಂದೆ ನಿಂತ.

“ಕಲರ್ ಬಂತಲ್ಲ ಕೊಟ್ರಪ್ಪ, ಈಗ ಎಲ್ಲಾ ಇದ್ದದ್ದು ಇದ್ದಹಾಗೇ ಕಾಣ್ತದೆ,” ಎಂದರು ನಿರ್ದೇಶಕರು, ಅವನ ಮುಖದಿಂದ ಕಣ್ಣು ತಪ್ಪಿಸಿ.

“ಕಾಣ್ಲಿ ಬಿಡ್ರಿ ಸಾರ್. ಕೃಷ್ಣ ಏನು ಸುಣ್ಣ ಬಳಕೊಂಡು ಹುಟ್ಟಿದ್ನಾ? ಅವನೂ ನನ್ನಂಗೆ ಕರಿಯನೇ ಅಲ್ರಾ?”

ನಿರ್ದೇಶಕರು ತಟ್ಟನೆ ತಲೆಯೆತ್ತಿ ಅವನನ್ನೇ ದಿಟ್ಟಿಸಿದರು. “ಹೌದಲ್ರೀ! ನಮಗಿದು ಹೊಳೀಲೇ ಇಲ್ಲ ನೋಡಿ. ನಾಳೆ ಬೆಳಿಗ್ಗೆ ಬಂದುಬಿಡಿ, ಬಣ್ಣ ಹಚ್ಚೋದಿದೆ.”

ಕೊಟ್ರಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. “ನಾಳೆ ಮತ್ತೆ ಬಣ್ಣ ಹಚ್ತೀನ್ರೋ!” ಎಂದು ಓಣಿಗೆಲ್ಲ ಸಾರಿಕೊಂಡು ಬಂದ.

ಬೆಳಿಗ್ಗೆ ಮೇಕಪ್ ಕೋಣೆಗೆ ಹೋದರೆ, ಅವನು ಕೂರುತ್ತಿದ್ದ ಕುರ್ಚಿಯಲ್ಲಿ ಕೆನೆಹಾಲಿನಂಥ ತರುಣನೊಬ್ಬ ನವಿಲುಗರಿಯ ಕಿರೀಟವಿಟ್ಟುಕೊಂಡು ಕೂತಿದ್ದ. ನಿರ್ದೇಶಕರು ಬಣ್ಣದ ಬಟ್ಟಲನ್ನು ಕೊಟ್ರಪ್ಪನ ಕೈಗಿಟ್ಟರು.

“ಇವರಿಗೆ ಬೇಗ ಹಚ್ಚಿ ಕೊಟ್ರಪ್ಪ. ಒಂಚೂರೂ ಬೆಳ್ಳಗೆ ಕಾಣಬಾರದು, ಸರಿಯಾಗಿ ನಿಮ್ಮ ಮೈಬಣ್ಣಕ್ಕೇ ಬರಬೇಕು.”